ನಿಂತವರ ಮನೆ

“ಈ ಮನೇಲಿ ಕೂರಬಾರದು ಕಣಮ್ಮ,” ಎಂದರು ಅತ್ತೆ.

ಹೊಸ ಸೊಸೆ ಅಷ್ಟರಲ್ಲಿ ತನ್ನ ಪೆಟ್ಟಿಗೆಯ ಮೇಲೆ ಕೂತಾಗಿತ್ತು. ಬೇರೆಲ್ಲಿ ಕೂರುವುದು? ನಡುಮನೆಯಲ್ಲಿ ಕುರ್ಚಿಯಿಲ್ಲ, ಬೆಂಚಿಲ್ಲ, ಒಂದು ಮಣೆಯೂ ಇಲ್ಲ. ಗೋಡೆಯುದ್ದಕ್ಕೂ ಎದೆಮಟ್ಟಕ್ಕೆ ಹಲಗೆ ಹೊಡೆದಿದ್ದರು. ಊಟ, ಓದು, ತರಕಾರಿ ಹೆಚ್ಚುವುದು, ಎಲ್ಲವೂ ಅದರ ಮುಂದೆ ನಿಂತುಕೊಂಡೇ. ಕಿಟಕಿಯ ಕಟ್ಟೆಗಳ ಮೇಲೆ ಕೂಡ ಯಾರೂ ಕುಂಡೆ ಊರದಂತೆ ಗಾರೆಯನ್ನು ಓರೆಯಾಗಿ ಬಳಿದಿದ್ದರು.

“ಯಾಕತ್ತೆ? ಕೂತರೆ ಏನಾಗುತ್ತೆ?”

“ಕೂತೋರು ಏಳಲ್ಲ.”

ಅವಳು ನಕ್ಕುಬಿಟ್ಟಳು. ನಗದೆ ಇನ್ನೇನು ಮಾಡಿಯಾಳು? ದೊಡ್ಡಾಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಅವಳು ಡಾಕ್ಟರು. ಹೆತ್ತವರಿಂದ ಮಕ್ಕಳಿಗೆ ಇಳಿದುಬರುವ ರಕ್ತದ ತೊಂದರೆಗಳೇ ಅವಳ ಓದು. ನರ್ಸುಗಳಿಗೆ ಪಾಠ ಹೇಳುತ್ತಿದ್ದುದೂ ಅದನ್ನೇ. ಅವಳು ಬಂದ ದಿನವೇ ಬೀದಿಯವರು ಅವಳನ್ನು ಡಾಕ್ಟರಮ್ಮ ಎಂದು ಕರೆಯತೊಡಗಿದರು. ಆ ಮನೆಗೆ ನಿಂತವರ ಮನೆ ಎಂದು ಹೆಸರಿಟ್ಟವರೂ ಅವರೇ. ಅಲ್ಲಿಗೆ ಹೋದ ನೆಂಟರು ನಿಂತ ಕಾಲಲ್ಲೇ ವಾಪಸ್ಸು ಬರುತ್ತಾರೆಂದು ತಮಾಷೆ ಮಾಡಿಕೊಳ್ಳುತ್ತಿದ್ದರು.

ಆ ವಾರವೇ ಡಾಕ್ಟರಮ್ಮ ಒಂದು ಕುರ್ಚಿ ತಂದಳು. ಕೈಯಿದ್ದ, ಮೆತ್ತೆಯಿದ್ದ, ಒಳ್ಳೆ ಭಾರದ ಕುರ್ಚಿ. ಅದನ್ನು ನಡುಮನೆಯ ನಟ್ಟನಡುವೆ ಹಾಕಿಸಿ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತು ಚಹಾ ಕುಡಿದಳು. ಗಂಡ ಎರಡು ಹೆಜ್ಜೆ ಹಿಂದೆ ಸರಿದ. ಅವನು ಔಷಧದ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವವನು. ಮನೆಗೆ ಬಂದಮೇಲೂ ಬೋನಿನ ಪ್ರಾಣಿಯ ಹಾಗೆ ಆಚೆಯಿಂದೀಚೆ ಓಡಾಡುತ್ತಿದ್ದ. ಅತ್ತೆ ನೆಲದಲ್ಲಿ ಹೊಂಡ ಬಿದ್ದಿದೆಯೇನೋ ಎಂಬಂತೆ ಆ ಕುರ್ಚಿಯನ್ನು ಬಳಸಿಕೊಂಡು ನಡೆದರು.

“ಅತ್ತಿಗೆ, ಸಿಂಹಾಸನ ಬಂತಾ?” ಎಂದಳು ನಾದಿನಿ. ಮನೆಯಲ್ಲಿ ನಗುವ ಜೀವ ಅದೊಂದೇ. “ಕೂತು ತಿಂದ್ರೆ ಕುಡಿಕೆ ಹೊನ್ನು ಸಾಲದು ಅಂತಾರೆ. ನಮ್ಮನೇಲಿ ಕುಡಿಕೆ ಇರ್ಲಿ, ಕೂತೋರೇ ಉಳಿಯಲ್ಲ.”

“ಏನದು ಕಥೆ? ಸರಿಯಾಗಿ ಹೇಳೇ.”

ನಾದಿನಿ ಬಟ್ಟೆಗೆ ಇಸ್ತ್ರಿ ತಿಕ್ಕುತ್ತ, ಅಮ್ಮ ಎಲ್ಲಿದ್ದಾಳೆಂದು ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿದಳು.

ಮುತ್ತಜ್ಜನ ಕಾಲದಲ್ಲಿ ಈ ಮನೆಯ ನೆಲಮಾಳಿಗೆಯಲ್ಲಿ ಮಗ್ಗಗಳಿದ್ದವು. ಗುಂಡಿ ಮಗ್ಗ. ನೇಯುವವರು ನೆಲದ ಅಂಚಿನಲ್ಲಿ ಕೂತು, ಕಾಲನ್ನು ಗುಂಡಿಗೆ ಇಳಿಬಿಟ್ಟು, ಅಡಿಯ ಹಲಗೆ ತುಳಿಯಬೇಕು. ಒಬ್ಬ ನೇಕಾರ ಹೆಂಗಸು ಬಸುರಿ. ಕಾಲು ಬಾತಿದೆ, ಎದ್ದು ಓಡಾಡಿ ಬರುತ್ತೇನೆ ಎಂದು ಗೋಗರೆದಳು. “ಕೆಲಸ ಮುಗೀಲಿ, ಆಮೇಲೆ ಏಳು,” ಎಂದು ಮುತ್ತಜ್ಜ ಹೊರಗಿನಿಂದ ಚಿಲಕ ಹಾಕಿದ. ಮತ್ತೆ ಬಾಗಿಲು ತೆಗೆದಾಗ ಅವಳ ಎಡಗಾಲು ಕಂಬವಾಗಿತ್ತು. ಎದೆ ಹಿಡಿದುಕೊಂಡಿದ್ದಳು. ಬಾಯಲ್ಲಿ ಬಂದ ರಕ್ತವನ್ನು ನೂಲಿಗೆ ಉಗುಳಿ ಉಗುಳಿ ಎಳೆ ಎಳೆಗೂ ಗಂಟು ಹಾಕುತ್ತಿದ್ದಳು, ಏನೋ ಮಣಮಣಿಸುತ್ತಿದ್ದಳು. ಅವಳ ಅಮ್ಮ ಮಾಟ ಬಲ್ಲವಳೆಂದು ಎಲ್ಲರಿಗೂ ಗೊತ್ತಿತ್ತು. ಮಗಳಿಗೂ ಗೊತ್ತೆಂದು ಯಾರೂ ತಿಳಿದಿರಲಿಲ್ಲ.

“ಸಾಯೋಕೆ ಮುಂಚೆ ಅವಳು ಹೇಳಿದ್ದು ಇಷ್ಟೇ ಅತ್ತಿಗೆ. ‘ನನ್ನ ಕೂರಿಸಿದ ಹಾಗೇ ನಿನ್ನ ವಂಶದ ರಕ್ತ ಕೂತ್ಹೋಗ್ಲಿ. ನನ್ನ ಮಗು ಕೂರೋದನ್ನ ನಾನು ನೋಡ್ಲಿಲ್ಲ. ಈ ಬಟ್ಟೆ ಮುಗಿಯೋವರೆಗೂ ನಿನ್ನ ಮನೆಯವರೇ ನನ್ನ ಜಾಗದಲ್ಲಿ ಕೂತಿರ್ಲಿ.’ ಮುತ್ತಜ್ಜ ಗದ್ದುಗೆ ಬಿಟ್ಟು ಏಳ್ಲಿಲ್ಲ. ಅಪ್ಪ ಕೂತಲ್ಲೇ ಹೋದ್ರು. ದೊಡ್ಡಣ್ಣ ಬಸ್ಸಲ್ಲಿ ದೂರದ ಊರಿಗೆ ಹೋಗಿ ಇಳಿದೋನು, ನಿಲ್ದಾಣದಲ್ಲೇ ಬಿದ್ದ.”

ಇಸ್ತ್ರಿಪೆಟ್ಟಿಗೆ ಒಂದೇ ಕಡೆ ನಿಂತು ಬಟ್ಟೆ ಸುಟ್ಟ ವಾಸನೆ ಬಂತು.

ಡಾಕ್ಟರಮ್ಮನಿಗೆ ಹೆದರಿಕೆಯಾಗಲಿಲ್ಲ, ಹುರುಪು ಬಂತು. ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿದಂತಾಯಿತು. ಮರುದಿನವೇ ಸೂಜಿ, ಸೀಸೆ ತಂದು ಮನೆಯವರ ರಕ್ತ ತೆಗೆದಳು. ಅತ್ತೆ ನಿಂತುಕೊಂಡೇ ತೋಳು ಚಾಚಿದರು. ಕೆಲವು ತಿಂಗಳು ಕಳೆದು ಫಲಿತಾಂಶ ಬಂದ ದಿನ ಎಲ್ಲರನ್ನೂ ಹಲಗೆಯ ಮುಂದೆ ನಿಲ್ಲಿಸಿ, ತಾನು ಕುರ್ಚಿಯಲ್ಲಿ ಕೂತು ಪಾಠ ಶುರುಮಾಡಿದಳು.

“ಗಾಯ ಆದಾಗ ರಕ್ತ ಹೆಪ್ಪುಗಟ್ಟಬೇಕು. ಗಾಯ ಮುಚ್ಚಿದ ಮೇಲೆ ಸಾಕು ನಿಲ್ಸು ಅಂತ ಮೈಯೇ ಹೇಳತ್ತೆ. ಈ ಮನೆಯವರ ರಕ್ತದಲ್ಲಿ ಹೆಪ್ಪುಗಟ್ಟಿಸೋ ಒಂದು ಅಂಶಕ್ಕೆ ಆ ಮಾತು ಕೇಳ್ಸಲ್ಲ. ಜೀನಲ್ಲಿ ಒಂದೇ ಒಂದು ಅಕ್ಷರ ತಪ್ಪಿದೆ, ಅಷ್ಟೆ. ಪ್ರತಿ ಜೀನೂ ಎರಡೆರಡು ಇರತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ರೂ ಸಾಕು, ಅಪಾಯ ಜಾಸ್ತಿ. ಹಾಗಂತ ಎಲ್ಲರಿಗೂ ಆಗ್ಬೇಕು ಅಂತಿಲ್ಲ, ಎಷ್ಟೋ ಜನ ಆರಾಮಾಗಿ ಮುದುಕರಾಗ್ತಾರೆ. ಗಂಟೆಗಟ್ಟಲೆ ಅಲ್ಲಾಡದೆ ಕೂತಾಗ, ದೊಡ್ಡ ಆಪರೇಷನ್ ಆದಾಗ, ಬಸುರಿ ಬಾಣಂತಿ ಇದ್ದಾಗ ಹುಷಾರಾಗಿರ್ಬೇಕು. ಕಾಲಲ್ಲಿ ಕಟ್ಟಿದ ಹೆಪ್ಪು ಕಿತ್ತು ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕೊಂಡ್ರೆ ಜೀವಕ್ಕೇ ಬರತ್ತೆ. ದೊಡ್ಡಭಾವನಿಗೆ ಆಗಿದ್ದು ಅದೇ ಇರ್ಬೇಕು.”

ಗಂಡನಲ್ಲಿ ಕೆಟ್ಟ ಜೀನು ಒಂದಿತ್ತು. ನಾದಿನಿಯಲ್ಲಿ ಇರಲಿಲ್ಲ. ಅತ್ತೆ ಹೊರಗಿನಿಂದ ಬಂದವರು, ಅವರದು ಶುದ್ಧ. ಡಾಕ್ಟರಮ್ಮ ಆಗ ಐದು ತಿಂಗಳ ಬಸುರಿ. ಮಗುವಿಗೆ ಅಪ್ಪನ ಕೆಟ್ಟದ್ದು ಇಳಿಯುವುದು, ಇಳಿಯದಿರುವುದು ಸಮಸಮ ಎಂದು ಲೆಕ್ಕ ಹೇಳಿ, ಒಂದು ಇಳಿದರೂ ನಾನಿದ್ದೇನೆ ಎಂದಳು.

“ನಿಮ್ಮ ರಕ್ತ ನೋಡಿದ್ರಾ ಅತ್ತಿಗೆ?” ಎಂದಳು ನಾದಿನಿ.

“ನಂದ್ಯಾಕೆ? ನಾನು ನಿಮ್ಮ ವಂಶದವಳಾ?”

ದೀಪದ ಬುಡದಲ್ಲೇ ಕತ್ತಲು ಎನ್ನುವುದು ಇದಕ್ಕೇ. ತನ್ನನ್ನು ಹೆತ್ತ ವಾರದೊಳಗೆ ಅಮ್ಮ ಉಸಿರುಗಟ್ಟಿ ಸತ್ತಳೆಂಬುದು ಅವಳಿಗೆ ಗೊತ್ತಿತ್ತು. ಹೃದಯ ನಿಂತಿತಂತೆ ಎಂದು ಅಪ್ಪ ಹೇಳಿದ್ದ. ಚಿಕ್ಕಂದಿನಲ್ಲಿ ಕೇಳಿದ ಮಾತನ್ನು ಅವಳು ದೊಡ್ಡವಳಾಗಿ, ಡಾಕ್ಟರಾಗಿ ಮತ್ತೊಮ್ಮೆ ಕೇಳಿನೋಡಿರಲಿಲ್ಲ. ರೋಗಿಗಳು ಬಂದರೆ ಮೊದಲು ಕೇಳುವ ಪ್ರಶ್ನೆಯೇ ಅದು: ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಹೋದದ್ದುಂಟೆ?

ಆಸ್ಪತ್ರೆಯಲ್ಲಿ ಹೊಸ ನರ್ಸುಗಳಿಗೆ ಪಾಠವಿತ್ತು. ಒಂದು ತಪ್ಪಿದ ಅಕ್ಷರ ಹೇಗೆ ಶಾಪವಾಗಿ ಕಥೆ ಕಟ್ಟಿಸಿಕೊಳ್ಳುತ್ತದೆ ಎಂದು ತೋರಿಸಲು ಅವಳಿಗೆ ಆ ಮಗ್ಗದ ಫೋಟೋ ಬೇಕಾಗಿತ್ತು. ನೆಲಮಾಳಿಗೆಯ ಬೀಗದ ಕೈ ಕೇಳಿದ್ದಕ್ಕೆ ಅತ್ತೆ ಮುಖ ಬಿಳಿಚಿಕೊಂಡು, “ಹೊಟ್ಟೇಲಿ ಮಗು ಇದೆ, ಅದರ ಮೇಲಾದ್ರೂ ಕರುಣೆ ಇರ್ಲಿ,” ಎಂದಿದ್ದರು. ಹಠ ಹೆಚ್ಚಿಸಲು ಅಷ್ಟು ಸಾಕಿತ್ತು. ಒಂದು ಮಧ್ಯಾಹ್ನ ಗಂಡ, ನಾದಿನಿ ಕೆಲಸಕ್ಕೆ ಹೋಗಿದ್ದರು, ಅತ್ತೆ ಸಂತೆಗೆ ಹೋದರು. ಅವಳು ಅಡುಗೆಮನೆಯ ಮೊಳೆಯಿಂದ ಕೀಲಿ ತೆಗೆದುಕೊಂಡು ಕೆಳಗಿಳಿದಳು.

ಬಾಗಿಲು ಸಲೀಸಾಗಿ ತೆರೆಯಿತು. ಹಳಸಿದ ಗಂಜಿಯ ವಾಸನೆ, ತುಕ್ಕಿನ ವಾಸನೆ, ಅದರ ಹಿಂದೆ ಇನ್ನೊಂದು. ಅದು ಅವಳಿಗೆ ದಿನವೂ ಮೂಗಿಗೆ ಬಡಿಯುವ ವಾಸನೆ. ಸೀಸೆಯ ಮುಚ್ಚಳ ತೆಗೆದಾಗ ಬರುವ, ಆಗತಾನೆ ತೆಗೆದ ರಕ್ತದ ವಾಸನೆ. ಕೋಣೆಗೆ ಕಿಟಕಿಯಿಲ್ಲ. ಫೋನಿನ ಬೆಳಕು ಮಗ್ಗದ ಮೇಲೆ ಬಿತ್ತು. ಸುತ್ತ ಎಲ್ಲ ಕಡೆ ಬೆರಳು ದಪ್ಪದ ಧೂಳು. ಮಗ್ಗದ ಮೇಲೆ ಮಾತ್ರ ಒಂದು ಕಣವಿಲ್ಲ. ಅರ್ಧ ನೇಯ್ದ ಬಟ್ಟೆ ಬಿಗಿಯಾಗಿ ನಿಂತಿತ್ತು.

‘ಅತ್ತೆ ಗುಟ್ಟಾಗಿ ಬಂದು ಒರೆಸ್ತಾರೆ,’ ಎಂದುಕೊಂಡಳು. ಫೋನಿಗೆ ಟೈಮರ್ ಇಟ್ಟು ಗೋಡೆಯ ಗೂಡಿನಲ್ಲಿ ನಿಲ್ಲಿಸಿದಳು. ಬರಿಯ ಮಗ್ಗದ ಫೋಟೋ ತೆಗೆದಿದ್ದರೆ ಸಾಕಿತ್ತು. ಆದರೆ ತಾನೇ ಕೂತ ಫೋಟೋ ತೋರಿಸಿ, ‘ನೋಡಿ, ಕೂತೆ, ಎದ್ದೆ’ ಎಂದು ನರ್ಸುಗಳನ್ನು ನಗಿಸುವ ಆಸೆ. ಹೊಟ್ಟೆಗೆ ಕೈ ಆನಿಸಿಕೊಂಡು ಅಂಚಿನಲ್ಲಿ ಕೂತಳು. ಕಾಲನ್ನು ಗುಂಡಿಗೆ ಇಳಿಬಿಟ್ಟಳು. ಗುಂಡಿಯೊಳಗೆ ಬೆಚ್ಚಗಿತ್ತು. ನಕ್ಕಳು. ಫೋಟೋ ತೆಗೆದ ಸದ್ದಾಯಿತು.

ಕೂತಮೇಲೆ ನೂಲು ಕಣ್ಣಿಗೆ ಹತ್ತಿರವಾಯಿತು. ಉದ್ದಕ್ಕೆ ಹಾಸಿದ ಎಳೆಗಳಲ್ಲಿ ಗಂಟುಗಳಿದ್ದವು. ಒಂದು ಎಳೆ ಎರಡಾಗಿ, ಎರಡು ನಾಲ್ಕಾಗಿ ಕವಲೊಡೆದು ತನ್ನ ಕಡೆ ಬರುತ್ತಿತ್ತು. ಪ್ರತಿ ಕವಲಿನಲ್ಲೂ ಸುಮಾರು ಅರ್ಧಕ್ಕೆ ಗಂಟು, ಅರ್ಧ ನೇರ. ಅವಳು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದ ವಂಶವೃಕ್ಷ ಅದು. ಗಂಟಿನ ಹತ್ತಿರ ತುಂಡಾಗಿ ನಿಂತ ಎಳೆಗಳು ಸತ್ತವರು. ಮಾವ. ದೊಡ್ಡಭಾವ. ಗಂಟಿದ್ದೂ ಬಿಗಿಯಾಗಿ ನಿಂತದ್ದು ಗಂಡ. ಪಕ್ಕದಲ್ಲಿ ಗಂಟಿಲ್ಲದ ನಾದಿನಿ.

ಅಡ್ಡಕ್ಕೆ ಹೊಕ್ಕ ಎಳೆಗಳು ಸೊಸೆಯರು ಎಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಅತ್ತೆಯ ಎಳೆ ಹಳತು, ನಯ, ಗಂಟಿಲ್ಲ. ಅದರ ಕೆಳಗೆ ಹೊಸದೊಂದು ಎಳೆ, ಇನ್ನೂ ಒದ್ದೆ.

ಅದರಲ್ಲಿ ಗಂಟಿತ್ತು.

ಅಮ್ಮ ನೆನಪಾದಳು. ಎಂದೂ ನೋಡದ ಅಮ್ಮ. ಹೆತ್ತು ವಾರದೊಳಗೆ ಉಸಿರುಗಟ್ಟಿದ ಅಮ್ಮ. ಹೃದಯವಲ್ಲ. ಕಾರಣ ಎಂದೂ ಹೃದಯವಾಗಿರಲಿಲ್ಲ.

ಒದ್ದೆ ಎಳೆಯೂ ಗಂಡನ ಎಳೆಯೂ ಕೂಡುವಲ್ಲಿ ಆಗಷ್ಟೇ ಚಿಗುರಿದ ಬೆರಳುದ್ದದ ನೂಲಿತ್ತು. ಅದಕ್ಕೆ ಎರಡು ಗಂಟು. ಅಪ್ಪನದೊಂದು, ಅಮ್ಮನದೊಂದು. ಅವಳು ನೋಡುತ್ತಿದ್ದಂತೆ ಅದು ಮಿಡುಕಿತು. ಅದೇ ಗಳಿಗೆ ಹೊಟ್ಟೆಯೊಳಗೆ ಮಗು ಒದೆಯಿತು.

ಹಿಂದೆ ಬಾಗಿಲು ಮುಚ್ಚಿಕೊಂಡಿತು. ಚಿಲಕ ಬಿತ್ತು. ಹೊರಗಿನಿಂದ.

ಎದ್ದೇಳಲು ಕೈ ಊರಿದಳು. ಸೊಂಟ ಏಳಲಿಲ್ಲ. ಮತ್ತೆ ಊರಿದಳು. ಗುಂಡಿಯ ಕತ್ತಲಲ್ಲಿ ಎಡ ಮೀನಖಂಡವನ್ನು ಯಾವುದೋ ಒದ್ದೆಯಾದದ್ದು ಸುತ್ತಿತು. ಸುತ್ತಿ ಬಿಗಿಯಿತು. ಬೆಳಕು ಆರಿತು. ಅಡಿಯ ಹಲಗೆ ಅವಳ ಪಾದವನ್ನು ತಾನಾಗಿ ಒತ್ತಿತು. ಟಕ್. ಅಡ್ಡ ಎಳೆ ಹಾಯಿಸುವ ಲಾಳಿ ಅವಳ ಕೈಗೆ ಬಂತು. ಅವಳು ಹಿಡಿಯಲಿಲ್ಲ, ಬೆರಳುಗಳು ಹಿಡಿದವು. ಟಕ್.

“ಅತ್ತೆ!” ಎಂದು ಕೂಗಿದಳು. ದನಿ ಗೋಡೆಗೆ ಬಡಿದು ಮಡಿಲಿಗೇ ಬಿತ್ತು.

ಕಿವಿಯ ಹಿಂದೆ ಯಾರೋ ಉಸಿರಾಡಿದರು. ಬಸುರಿಯ ಏದುಸಿರು.

“ಕೆಲಸ ಮುಗೀಲಿ. ಆಮೇಲೆ ಏಳು.”

ಟಕ್. ಟಕ್. ಎಡಗಾಲು ಕಾದಿತು. ಬಾತಿತು. ಚರ್ಮ ಸೀಳುವಷ್ಟು ಬಿಗಿಯಿತು. ಬಸುರಿಯರಿಗೆ ಎಡಗಾಲಲ್ಲೇ ಹೆಚ್ಚು. ಪಾಠದ ಸಾಲು ತಾನಾಗಿ ಬಂತು. ಮೊದಲು ಮೀನಖಂಡ. ಆಮೇಲೆ ತೊಡೆ. ಆಮೇಲೆ ಕಿಬ್ಬೊಟ್ಟೆ. ಎಲ್ಲ ಗೊತ್ತಿತ್ತು. ಗೊತ್ತಿದ್ದು ಏನೂ ಮಾಡಲಾಗಲಿಲ್ಲ. ತೊಡೆಯೊಳಗೆ ಯಾರೋ ದಾರ ಎಳೆಯುತ್ತಿದ್ದರು, ಗಂಟು ಹಾಕುತ್ತಿದ್ದರು. ಎಳೆಯುತ್ತಿದ್ದರು. ಎದೆಗೆ ಏನೋ ಚುಚ್ಚಿತು. ಅರ್ಧ ಉಸಿರು. ಇನ್ನರ್ಧ ಬರಲಿಲ್ಲ. ಟಕ್. ಮಗು ಒದೆಯುವುದನ್ನು ನಿಲ್ಲಿಸಿತು. ಒದಿ, ಮಗಾ. ಒದಿ. ಟಕ್. ಒದಿ.

ಬಾಗಿಲು ಬಡಿದುಕೊಂಡು ತೆರೆಯಿತು.

ಅತ್ತೆ ಕೈಚೀಲವನ್ನು ಮೆಟ್ಟಿಲ ಮೇಲೆ ಬಿಸಾಡಿ ಬಂದರು. ಸೊಸೆಯ ಕಂಕುಳಿಗೆ ಕೈ ಹಾಕಿ ಎಳೆದರು. ಮಗ್ಗವೇ ಅಲುಗಿತು, ಅವಳು ಅಲುಗಲಿಲ್ಲ.

“ಒಮ್ಮೆ ಕೂತಮೇಲೆ ಜಾಗ ಖಾಲಿ ಬಿಡೋಕೆ ಒಪ್ಪಲ್ಲ ಅವಳು,” ಎಂದರು ಅತ್ತೆ. ಸೀರೆ ಎತ್ತಿ ಕಟ್ಟಿದರು. “ಸರ್ಕೋ ಸ್ವಲ್ಪ.”

“ಅತ್ತೆ...”

“ನಂದು ಹೊರಗಿನ ರಕ್ತ ಅಂತ ನೀನೇ ಹೇಳಿದ್ಯಲ್ಲ. ಹರಿಯೋ ರಕ್ತ. ಅಷ್ಟು ಬೇಗ ಏನಾಗಲ್ಲ ನಂಗೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈಗ ನಂದು. ಏಳು.”

ಬೇಡ ಎನ್ನಬೇಕಿತ್ತು. ಡಾಕ್ಟರಮ್ಮ ಅನ್ನಲಿಲ್ಲ. ಅವಳಿಗೆ ಬದುಕಬೇಕಿತ್ತು, ಮಗು ಒದೆಯಬೇಕಿತ್ತು. ಅತ್ತೆ ಪಕ್ಕದಲ್ಲಿ ಕೂತರು. ಮದುವೆಯಾಗಿ ಬಂದಮೇಲೆ ಆ ಮನೆಯಲ್ಲಿ ಮೊದಲ ಸಲ ಕೂತರು. ಕಾಲು ಗುಂಡಿಗಿಳಿದದ್ದೇ ತಡ, ಡಾಕ್ಟರಮ್ಮನ ಮೀನಖಂಡದ ಸುತ್ತು ಸಡಿಲಿತು. ಅವಳು ಕೈಕಾಲಲ್ಲಿ ತೆವಳಿಕೊಂಡು ಮೆಟ್ಟಿಲು ಹತ್ತಿದಳು. ಹಿಂದೆ ಲಾಳಿ ಓಡಿದ ಸದ್ದು. ಟಕ್. ಅವಳು ತಿರುಗಿ ನೋಡಲಿಲ್ಲ.

ಅವಳದೇ ಆಸ್ಪತ್ರೆ ಅವಳನ್ನು ಉಳಿಸಿತು. ಎಡತೊಡೆಯಿಂದ ಕಿಬ್ಬೊಟ್ಟೆಯವರೆಗೆ ಹೆಪ್ಪು, ಅದರ ಚೂರೊಂದು ಶ್ವಾಸಕೋಶದಲ್ಲಿ. ಹೆರಿಗೆಯವರೆಗೂ ದಿನವೂ ಹೊಟ್ಟೆಗೆ ಚುಚ್ಚುಮದ್ದು, ಆಮೇಲೂ ಕೆಲವು ವಾರ. ಈ ಸಲ ಅವಳ ರಕ್ತವನ್ನೂ ನೋಡಿದರು. ಕೆಟ್ಟ ಜೀನು ಒಂದು. ಅಪ್ಪನಿಗೆ ಫೋನು ಮಾಡಿ, ಅಮ್ಮನ ಕಾಲು ಬಾತಿತ್ತೇ ಎಂದು ಕೇಳಿದಳು. “ಎಡಗಾಲು,” ಎಂದ ಅಪ್ಪ.

ಅತ್ತೆಯನ್ನು ಎಬ್ಬಿಸಲು ಮನೆಯವರು ಮಾಡದ ಪ್ರಯತ್ನವಿಲ್ಲ. ಗಂಡ ಕೊಡಲಿ ತಂದು ಮಗ್ಗಕ್ಕೆ ಒಂದು ಏಟು ಹಾಕಿದ. ಹಾಕಿದವನೇ ತನ್ನ ಕಾಲು ಹಿಡಿದುಕೊಂಡು ಕುಸಿದ. ಅತ್ತೆಯೇ ಗದರಿದರು. “ಇಷ್ಟು ವರ್ಷ ನಿಂತೇ ಇದ್ದೀನಿ. ಸ್ವಲ್ಪ ಕೂರ್ತೀನಿ ಬಿಡ್ರೋ.” ನಾದಿನಿ ದಿನವೂ ತಟ್ಟೆ ಕೆಳಗೆ ಒಯ್ದು ತುತ್ತು ಹಾಕಿ ಬರುತ್ತಿದ್ದಳು. ಅವಳು ನಗುವುದನ್ನು ಬಿಟ್ಟಿದ್ದಳು.

ಹೆಣ್ಣುಮಗು ಹುಟ್ಟಿತು. ಹೊಕ್ಕುಳಬಳ್ಳಿಯ ರಕ್ತದ ಫಲಿತಾಂಶವನ್ನು ಡಾಕ್ಟರಮ್ಮ ಬಿಚ್ಚುವ ಮೊದಲೇ ಬಲ್ಲಳು. ಎರಡೂ ಕೆಟ್ಟವು. ಸಹೋದ್ಯೋಗಿಗಳು ಸಮಾಧಾನ ಹೇಳಿದರು: ಎಳೆಗೂಸುಗಳಿಗೆ ಇದರಿಂದ ತೊಂದರೆಯಾಗುವುದು ತೀರ ಅಪರೂಪ, ದೊಡ್ಡವಳಾದಮೇಲೆ ಎಚ್ಚರವಿದ್ದರಾಯಿತು. ಅವರು ಹೇಳಿದ್ದು ಸರಿಯೇ. ಇದೇ ಮಾತನ್ನು ಅವಳೂ ಎಷ್ಟೋ ತಾಯಂದಿರಿಗೆ ಹೇಳಿದ್ದಳು.

ಮನೆ ಬಿಟ್ಟು ಹೋಗಲು ಆಗಲಿಲ್ಲ. ಮಗುವನ್ನೆತ್ತಿಕೊಂಡು ಬೀದಿಯ ತುದಿ ದಾಟಿದರೆ ಅದರ ಎಡಗಾಲು ತಣ್ಣಗಾಗಿ ನೀಲಿಗಟ್ಟುತ್ತಿತ್ತು, ಹಿಂತಿರುಗಿದರೆ ಕೆಂಪಾಗುತ್ತಿತ್ತು. ಎರಡು ಸಲ ಪರೀಕ್ಷಿಸಿ ಅವಳು ಮೂರನೆಯ ಸಲ ಹೊರಡಲಿಲ್ಲ. ಕುರ್ಚಿಯನ್ನು ಒಡೆದು ಒಲೆಗೆ ಹಾಕಿದಳು. ಹಲಗೆಯ ಮುಂದೆ ನಿಂತು ಉಂಡಳು, ನಿಂತು ಹಾಲೂಡಿಸಿದಳು, ಮಗುವನ್ನು ತೋಳಲ್ಲಿ ಹಾಕಿಕೊಂಡು ಗಂಡನ ಹಿಂದೆ ಆಚೆಯಿಂದೀಚೆ ಓಡಾಡಿದಳು. ನೆಲದಡಿಯಿಂದ ಹಗಲಿಡೀ ಆ ಸದ್ದು ಬರುತ್ತಿತ್ತು. ಟಕ್. ಟಕ್. ಮೊದಮೊದಲು ಎದೆ ಒಡೆಯುತ್ತಿತ್ತು. ಬರಬರುತ್ತ ಅದೇ ನೆಮ್ಮದಿಯಾಯಿತು. ಸದ್ದಿರುವವರೆಗೆ ಅತ್ತೆ ಇದ್ದಾರೆ, ಜಾಗ ಖಾಲಿಯಿಲ್ಲ.

ಒಂದು ದಿನ ತಟ್ಟೆ ಒಯ್ದ ನಾದಿನಿ ಬಂದು ಹೇಳಿದಳು. “ಅಮ್ಮ ತುಂಬ ಸಣ್ಣ ಆಗಿದಾಳೆ ಅತ್ತಿಗೆ. ಮಗು ಏನು ಮಾಡತ್ತೆ ಅಂತ ಕೇಳಿದ್ಲು. ಮಗ್ಗಲು ಹೊರಳತ್ತೆ ಅಂದೆ. ಇನ್ನೂ ಕೂತಿಲ್ವಾ ಅಂತ ಕೇಳಿದ್ಲು. ಇಲ್ಲ ಅಂದೆ. ಕೂರಿಸಬೇಡಿ ಅಂದ್ಲು. ಅಷ್ಟೇ.”

ಬೇರೆ ಮನೆಗಳಲ್ಲಿ ಆ ವಯಸ್ಸಿನ ಮಗುವಿನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಬಿದ್ದರೆ ನಕ್ಕು, ಮತ್ತೆ ಕೂರಿಸಿ ಚಪ್ಪಾಳೆ ತಟ್ಟುತ್ತಾರೆ. ಡಾಕ್ಟರಮ್ಮ ಮಗುವನ್ನು ಎತ್ತಿಕೊಂಡಳು, ಇಲ್ಲವೆ ಮಲಗಿಸಿದಳು. ಅದರ ಸೊಂಟ ಗಟ್ಟಿಯಾಗುತ್ತಿದ್ದುದು ಕೈಗೆ ತಿಳಿದು ಕಣ್ಣೀರಿಟ್ಟಳು. ಜಗತ್ತಿನಲ್ಲಿ ಯಾವ ತಾಯಿ ಮಗು ಬೆಳೆಯದಿರಲಿ ಎಂದು ಬೇಡಿಕೊಂಡಾಳು?

ಒಂದು ಬೆಳಿಗ್ಗೆ, ಒಳ್ಳೆ ಬಿಸಿಲಿತ್ತು. ಮಗುವನ್ನು ಚಾಪೆಯ ಮೇಲೆ ಮಲಗಿಸಿ ಅವಳು ಹಾಲನ್ನು ಒಲೆಗಿಟ್ಟಳು. ಹಾಲು ಉಕ್ಕಿತು. ಉಕ್ಕಿದ ಸದ್ದು ಕಿವಿಗೆ ಸ್ಪಷ್ಟವಾಗಿ ಕೇಳಿದಾಗಲೇ ಅವಳಿಗೆ ತಿಳಿದದ್ದು, ಬೇರೆ ಸದ್ದು ನಿಂತಿದೆ ಎಂದು.

ನೆಲದಡಿಯಲ್ಲಿ ಏನೂ ಇಲ್ಲ.

ಕೆಳಗೆ ನಾದಿನಿ “ಅಮ್ಮಾ” ಎಂದು ಚೀರಿದಳು. ತಟ್ಟೆ ಮೆಟ್ಟಿಲ ಮೇಲೆ ಉರುಳಿಕೊಂಡು ಹೋಯಿತು.

ಡಾಕ್ಟರಮ್ಮ ಹಿಂದೆ ತಿರುಗಿದಳು.

ಚಾಪೆಯ ಮೇಲೆ, ಯಾರ ಆಸರೆಯೂ ಇಲ್ಲದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಮಗು ಕೂತಿತ್ತು. ಕಾಲೆರಡೂ ಮುಂದಕ್ಕೆ ಚಾಚಿದ್ದವು. ಅಮ್ಮನನ್ನು ನೋಡಿ ಬೊಚ್ಚುಬಾಯಿ ಅಗಲಿಸಿ ನಕ್ಕಿತು. ಅದರ ಪುಟ್ಟ ಕೈಗಳು ಕಾಣದ ಲಾಳಿ ಹಿಡಿದಂತೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಆಡುತ್ತಿದ್ದವು.

ಅವಳು ಓಡಿಹೋಗಿ ಎರಡೂ ಕೈಯಲ್ಲಿ ಮಗುವನ್ನು ಎತ್ತಿದಳು.

ಮಗು ಏಳಲಿಲ್ಲ.